ಉಗುರಿನ ಬಣ್ಣಕ್ಕೆ ಎಷ್ಟು ದಿನ ಆಯುಷ್ಯ?

ಭಾನುವಾರದ ಮದುವೆಗೆಂದು ಶನಿವಾರ ರಾತ್ರಿ ಹಚ್ಚಿಕೊಂಡ ಉಗುರಿನ ಬಣ್ಣ ಬುಧವಾರದ ಹೊತ್ತಿಗೆ ಏನಾಗಿರುತ್ತದೆ ಎಂಬುದನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಬಣ್ಣ ಹತ್ತೂ ಬೆರಳುಗಳಿಂದ ಒಟ್ಟಿಗೆ ಹೋಗುವುದಿಲ್ಲ. ಮೊದಲು ಚಕ್ಕೆ ಏಳುವುದು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳುಗಳ ತುದಿಯಲ್ಲಿ; ಎಡಚರಾದರೆ ಎಡಗೈಯಲ್ಲಿ. ಇನ್ನೊಂದು ಕೈಯ ಕಿರುಬೆರಳಿನ ಬಣ್ಣ ವಾರ ಕಳೆದರೂ ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ. ಕಾಲ್ಬೆರಳುಗಳ ಮೇಲಂತೂ ಎರಡು ಮೂರು ವಾರ ಅಲುಗದೆ ಕುಳಿತಿರುತ್ತದೆ. ಸೀಸೆ ಒಂದೇ, ಕುಂಚ ಒಂದೇ, ಹಚ್ಚಿದ ದಿನವೂ ಒಂದೇ. ವ್ಯತ್ಯಾಸವಿರುವುದು ಆಯಾ ಬೆರಳು ಮಾಡುವ ಕೆಲಸದಲ್ಲಿ. ಪಾತ್ರೆಯ ತಳ ಉಜ್ಜುವ, ಬೆಳ್ಳುಳ್ಳಿ ಸುಲಿಯುವ, ಹುಣಸೆಹಣ್ಣು ಕಿವುಚುವ, ಒದ್ದೆ ಬಟ್ಟೆ ಹಿಂಡುವ ಬೆರಳು ಯಾವುದೋ ಅದರ ಬಣ್ಣ ಮೊದಲು ಹೋಗುತ್ತದೆ.

ಉಗುರಿನ ಬಣ್ಣದ ವಿಚಾರ ಈ ಪುಟಕ್ಕೆ ತಕ್ಕುದೇ ಎಂದು ಹುಬ್ಬೇರಿಸುವವರು ಇರಬಹುದು. ಆದರೆ ಹತ್ತಿಪ್ಪತ್ತು ರೂಪಾಯಿಗೆ ಜಾತ್ರೆಯ ಅಂಗಡಿಯಲ್ಲಿ ಸಿಗುವ ಸೀಸೆಯಿಂದ ಹಿಡಿದು ಸಾವಿರಾರು ರೂಪಾಯಿ ತೆತ್ತು ಪಾರ್ಲರಿನಲ್ಲಿ ಮಾಡಿಸಿಕೊಳ್ಳುವ ಜೆಲ್ ಉಗುರಿನವರೆಗೆ ಇದು ಕೋಟ್ಯಂತರ ಕೈಗಳನ್ನು ಮುಟ್ಟುವ ವಸ್ತು. ಬಣ್ಣ ಬೇಗ ಹೋಯಿತೆಂದರೆ ಹೆಚ್ಚಿನವರು ದೂರುವುದು ಸೀಸೆಯನ್ನು. ಮುಂದಿನ ಸಲ ಇನ್ನಷ್ಟು ದುಬಾರಿಯದನ್ನು ಕೊಳ್ಳುತ್ತಾರೆ, ಅದೂ ನಿಲ್ಲದಿದ್ದರೆ ಜೆಲ್ ಕಡೆಗೆ ಹೊರಳುತ್ತಾರೆ. ದೋಷ ಬಹುಪಾಲು ಸೀಸೆಯಲ್ಲಿ ಇಲ್ಲ ಎಂಬುದನ್ನು ಹೇಳುವವರು ಕಡಿಮೆ. ಹೇಳಿದರೆ ಮಾರಾಟವಾಗುವುದೇನೂ ಇಲ್ಲವಲ್ಲ.

ಉಗುರು ನೋಡಲು ಗಟ್ಟಿಯಾದ, ನಯವಾದ ಫಲಕದಂತೆ ಕಂಡರೂ ವಾಸ್ತವವಾಗಿ ಅದು ಕೆರಾಟಿನ್ ಎಂಬ ಪ್ರೋಟೀನಿನಿಂದಾದ ಸತ್ತ ಜೀವಕೋಶಗಳ ಪದರಗಳ ಅಟ್ಟಿ. ಕೂದಲೂ ಅದೇ ವಸ್ತುವಿನದು. ಕೈಬೆರಳಿನ ಉಗುರಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಹಂಚು ಹೊದೆಸಿದಂತೆ ಒಂದರ ಮೇಲೊಂದು ಕೂತ ಈ ಪದರಗಳ ನಡುವೆ ನೀರು ಸುಲಭವಾಗಿ ನುಗ್ಗುತ್ತದೆ. ಚರ್ಮಕ್ಕೆ ಇರುವಷ್ಟು ಜಿಡ್ಡಿನ ರಕ್ಷಣೆ ಉಗುರಿಗೆ ಇಲ್ಲ. ಆದಕಾರಣ ಅರ್ಧ ಗಂಟೆ ನೀರಿನಲ್ಲಿ ಕೈಯಾಡಿಸಿದರೆ ಉಗುರು ನೀರು ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಬಾಗುತ್ತದೆ. ಸ್ನಾನವಾದ ಕೂಡಲೆ ಉಗುರು ಕತ್ತರಿಸುವುದು ಸುಲಭವೆನ್ನುವುದು ಎಲ್ಲರ ಅನುಭವ. ಬಳಿಕ ಒಣಗಿದಾಗ ಅದು ಮತ್ತೆ ಕುಗ್ಗಿ ಬಿಗಿಯುತ್ತದೆ.

ಇನ್ನು ಆ ಉಗುರಿನ ಮೇಲೆ ಕುಳಿತಿರುವ ಬಣ್ಣದ ಪಾಡನ್ನು ನೋಡಿ. ಸೀಸೆಯಲ್ಲಿರುವ ದ್ರವದ ಹೆಚ್ಚಿನ ಪಾಲು ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್‌ನಂಥ ದ್ರಾವಕಗಳು. ಮೂಗಿಗೆ ಬಡಿಯುವ ಆ ವಾಸನೆ ಅವುಗಳದೇ. ಅವು ಆವಿಯಾದ ಮೇಲೆ ಉಗುರಿನ ಮೇಲೆ ಉಳಿಯುವುದು ನೈಟ್ರೋಸೆಲ್ಯುಲೋಸ್ ಎಂಬ ತೆಳುಪೊರೆ, ಅದನ್ನು ಉಗುರಿಗೆ ಅಂಟಿಸುವ ರಾಳ, ಪೊರೆ ಪೆಡಸಾಗದಂತೆ ನೋಡಿಕೊಳ್ಳುವ ಮೆದುಕಾರಕ ಮತ್ತು ಬಣ್ಣದ ಪುಡಿ. ಹತ್ತಿ ಅಥವಾ ಮರದ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಪಡೆಯುವ ಈ ನೈಟ್ರೋಸೆಲ್ಯುಲೋಸ್, 1920ರ ದಶಕದಲ್ಲಿ ಅಮೆರಿಕದ ಮೋಟಾರು ಕಾರುಗಳಿಗೆ ಬಳಿಯುತ್ತಿದ್ದ ಬೇಗ ಒಣಗುವ ಬಣ್ಣದ ಮೂಲವಸ್ತುವೂ ಹೌದು. 1932ರಲ್ಲಿ ಚಾರ್ಲ್ಸ್ ರೆವ್ಸನ್, ಆತನ ಸಹೋದರ ಜೋಸೆಫ್ ಹಾಗೂ ರಸಾಯನತಜ್ಞ ಚಾರ್ಲ್ಸ್ ಲ್ಯಾಕ್‌ಮನ್ ಸೇರಿ ಕಟ್ಟಿದ ರೆವ್ಲಾನ್ ಕಂಪನಿ ಆರಂಭದಲ್ಲಿ ಮಾರಿದ್ದು ಉಗುರಿನ ಬಣ್ಣವನ್ನೇ. ಅದಕ್ಕೂ ಮೊದಲು ಮಾರುಕಟ್ಟೆಗೆ ಬಂದ ಕ್ಯೂಟೆಕ್ಸ್ ಎಂಬ ಹೆಸರು ದಕ್ಷಿಣ ಭಾರತದ ಅನೇಕ ಮನೆಗಳಲ್ಲಿ ಆ ವಸ್ತುವಿನ ಹೆಸರೇ ಆಗಿಬಿಟ್ಟಿತ್ತು. ಯಾವ ಕಂಪನಿಯ ಸೀಸೆಯಾದರೂ ಅಜ್ಜಿಯಂದಿರ ಬಾಯಲ್ಲಿ ಅದು ಕ್ಯೂಟೆಕ್ಸೇ. 1952ರಲ್ಲಿ ಟಾಟಾ ಸಮೂಹ ಲ್ಯಾಕ್ಮೆಯನ್ನು ಹುಟ್ಟುಹಾಕಿದ ಮೇಲೆ ದೇಶೀಯ ಬಣ್ಣ ಮಧ್ಯಮ ವರ್ಗದ ಕೈಗೆಟಕುವಂತಾಯಿತು.

ಅಂದರೆ ಉಬ್ಬುತ್ತ, ಬಾಗುತ್ತ, ಕುಗ್ಗುತ್ತ ಇರುವ ಫಲಕದ ಮೇಲೆ ಅಷ್ಟು ಬಾಗಲಾರದ ಪೊರೆಯೊಂದನ್ನು ನಾವು ಅಂಟಿಸಿದ್ದೇವೆ. ಉಗುರು ಒದ್ದೆಯಾಗಿ ಒಣಗಿದಷ್ಟು ಸಲವೂ ಎರಡರ ನಡುವಿನ ಬಂಧ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ. ಮೊದಲು ತುದಿಯಲ್ಲಿ ಕಣ್ಣಿಗೆ ಕಾಣದ ಬಿರುಕು, ಆಮೇಲೆ ಅದರೊಳಗೆ ನೀರು, ಆಮೇಲೆ ಚಕ್ಕೆ. ಪಾತ್ರೆಯ ಅಂಚಿಗೆ ತಗುಲಿದ ಪೆಟ್ಟು ಕಡೆಯ ನೆಪ ಮಾತ್ರ.

ನಮ್ಮ ಮದರಂಗಿಯನ್ನು ಇದರೊಂದಿಗೆ ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಮದರಂಗಿ ಪೊರೆಯಲ್ಲ, ಒಳಕ್ಕಿಳಿಯುವ ರಂಗು. ಅದರ ಎಲೆಯಲ್ಲಿರುವ ಲಾಸೋನ್ ಎಂಬ ವಸ್ತು ಕೆರಾಟಿನ್ನಿನೊಂದಿಗೆ ಬೆಸೆದುಕೊಳ್ಳುವುದರಿಂದ ಉಗುರಿನ ಮೇಲೆ ಅದು ಚಕ್ಕೆ ಏಳುವ ಮಾತೇ ಇಲ್ಲ. ಚರ್ಮದ ಮೇಲಿನ ಚಿತ್ತಾರ ಎರಡು ವಾರದಲ್ಲಿ ಮಾಸಿದರೂ ಉಗುರಿನ ಕೆಂಪು ಉಗುರು ಬೆಳೆದು ಕತ್ತರಿಸಿ ಹೋಗುವವರೆಗೆ ಉಳಿಯುತ್ತದೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಬುಡದಿಂದ ತುದಿಯವರೆಗೆ ಪೂರ್ತಿ ಹೊಸದಾಗಲು ನಾಲ್ಕರಿಂದ ಆರು ತಿಂಗಳು ಬೇಕು. ಆಷಾಢದಲ್ಲಿ ಹಚ್ಚಿದ ಮದರಂಗಿಯ ಅಂಚು ಕಾರ್ತಿಕದಲ್ಲಿಯೂ ಬೆರಳ ತುದಿಯಲ್ಲಿ ಅರ್ಧಚಂದ್ರದಂತೆ ಉಳಿದಿರುವುದು ಅದಕ್ಕೇ. ನೇಲ್ ಪಾಲಿಶ್‌ನಿಂದ ಇಂಥ ನಿಷ್ಠೆಯನ್ನು ನಿರೀಕ್ಷಿಸುವಂತಿಲ್ಲ. ಸಾಮಾನ್ಯ ಬಣ್ಣ ಸಹಜ ಉಗುರಿನ ಮೇಲೆ ಐದರಿಂದ ಏಳು ದಿನ ಚೆನ್ನಾಗಿ ನಿಂತರೆ ಅದು ತನ್ನ ಕೆಲಸ ಮಾಡಿದೆ ಎಂದೇ ತಿಳಿಯಬೇಕು. ಎರಡೇ ದಿನದಲ್ಲಿ ಹೋಗುತ್ತಿದ್ದರೆ ಮಾತ್ರ ಎಲ್ಲಿ ತಪ್ಪಿದೆ ಎಂದು ಹುಡುಕಬಹುದು.

ತಪ್ಪು ಸಾಮಾನ್ಯವಾಗಿ ಆರಂಭದಲ್ಲಿಯೇ ಇರುತ್ತದೆ. ಪಾರ್ಲರುಗಳಲ್ಲಿ ಮ್ಯಾನಿಕ್ಯೂರ್ ಎಂದರೆ ಮೊದಲು ಬೋಗುಣಿಯ ಬೆಚ್ಚನೆಯ ಸೋಪು ನೀರಿನಲ್ಲಿ ಬೆರಳುಗಳನ್ನು ಅದ್ದಿಸುತ್ತಾರೆ. ಹಿತವೇನೋ ಹೌದು. ಆದರೆ ಹಾಗೆ ನೀರು ಕುಡಿದು ಉಬ್ಬಿದ ಉಗುರಿನ ಮೇಲೆಯೇ ಹತ್ತು ನಿಮಿಷದಲ್ಲಿ ಬಣ್ಣ ಬಳಿದರೆ, ಗ್ರಾಹಕಿ ಮನೆ ಸೇರುವಷ್ಟರಲ್ಲಿ ಉಗುರು ಒಣಗಿ ಕುಗ್ಗಿರುತ್ತದೆ, ಪೊರೆ ಮಾತ್ರ ಉಬ್ಬಿದ ಉಗುರಿನ ಅಳತೆಯಲ್ಲಿ ಉಳಿದಿರುತ್ತದೆ. ಮನೆಯಲ್ಲಿಯೂ ಅಷ್ಟೇ. ಹಬ್ಬದ ದಿನ ಎಣ್ಣೆಸ್ನಾನ ಮುಗಿಸಿ, ತಲೆ ಒರೆಸಿಕೊಂಡು ನೇರವಾಗಿ ಬಣ್ಣದ ಸೀಸೆ ಹಿಡಿಯುವವರ ಉಗುರಿನಲ್ಲಿ ನೀರು, ಎಣ್ಣೆ ಎರಡೂ ಇರುತ್ತವೆ. ಬಣ್ಣ ನಿಲ್ಲದಿರಲು ಇದಕ್ಕಿಂತ ಒಳ್ಳೆಯ ಸಿದ್ಧತೆ ಬೇಕಿಲ್ಲ. ಸ್ನಾನವಾಗಿ ಎರಡು ಗಂಟೆಯಾದರೂ ಕಳೆಯಲಿ. ಇಲ್ಲವೇ ಹಿಂದಿನ ದಿನವೇ ಹಚ್ಚಿಕೊಳ್ಳುವುದು ಮೇಲು.

ಉಗುರನ್ನು ಒಣಗಿರುವಾಗಲೇ ಆಕಾರಕ್ಕೆ ತರಬೇಕು. ಫೈಲನ್ನು ಗರಗಸದಂತೆ ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ತುದಿಯ ಪದರಗಳು ಸಿಬಿರೇಳುತ್ತವೆ, ಆದ್ದರಿಂದ ಅಂಚಿನಿಂದ ನಡುವಿನ ಕಡೆಗೆ ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜುವುದು ವಾಸಿ. ಹೊಳಪು ಬರಲೆಂದು ಉಗುರಿನ ಮೇಲ್ಮೈಯನ್ನು ಪದೇ ಪದೇ ತಿಕ್ಕುವುದು ಬೇಡವೇ ಬೇಡ. ಅರ್ಧ ಮಿಲಿಮೀಟರಿನಲ್ಲಿ ಎಷ್ಟನ್ನು ತಿಕ್ಕಿ ಕಳೆಯಲಾದೀತು? ಬುಡದಲ್ಲಿ ಉಗುರಿಗೆ ಅಂಟಿಕೊಂಡಿರುವ ತೆಳ್ಳನೆಯ ಚರ್ಮದ ಪೊರೆಯನ್ನು ಕತ್ತರಿಸುವ ಪದ್ಧತಿಯೂ ಒಳ್ಳೆಯದಲ್ಲ. ಅದು ಸೋಂಕು ಒಳಹೋಗದಂತೆ ಇರುವ ಬೀಗಮುದ್ರೆ. ಆದರೆ ಆ ಪೊರೆಯ ಮೇಲೆ ಬಣ್ಣ ಹರಿದರೆ ಅಲ್ಲಿಂದಲೇ ಬಣ್ಣದ ಅಂಚು ಎದ್ದು ಬಿಡುತ್ತದೆ. ಹಾಗಾಗಿ ಅದನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಬುಡದಲ್ಲಿ ಕೂದಲೆಳೆಯಷ್ಟು ಜಾಗ ಬಿಟ್ಟು ಬಣ್ಣ ಹಚ್ಚಬೇಕು.

ಕುಂಚ ಹಿಡಿಯುವ ಮುನ್ನ ಮಾಡಬೇಕಾದ, ಹೆಚ್ಚಿನವರು ಮಾಡದ ಕೆಲಸವೊಂದಿದೆ. ಹತ್ತಿಯನ್ನು ರಿಮೂವರಿನಲ್ಲೋ ಸರ್ಜಿಕಲ್ ಸ್ಪಿರಿಟ್‌ನಲ್ಲೋ ಅದ್ದಿ, ಬಣ್ಣವಿಲ್ಲದ ಉಗುರನ್ನೂ ಒಮ್ಮೆ ಒರೆಸುವುದು. ಅಡುಗೆಮನೆಯ ಜಿಡ್ಡು, ಕ್ರೀಮು, ಕೊಬ್ಬರಿ ಎಣ್ಣೆಯ ಕಣ್ಣಿಗೆ ಕಾಣದ ಪದರ ಹೋಗುತ್ತದೆ. ಅದಾದ ಮೇಲೆ ಆ ಉಗುರನ್ನು ಬೆರಳಿನಿಂದಲೂ ಮುಟ್ಟಬಾರದು. ಹಣ ಖರ್ಚಿಲ್ಲದ ಈ ಒಂದು ನಿಮಿಷದ ಕೆಲಸ ದುಬಾರಿ ಸೀಸೆಗಿಂತ ಹೆಚ್ಚು ಫಲ ಕೊಡುತ್ತದೆ.

ಬೇಸ್ ಕೋಟ್ ಎಂಬುದು ಕಂಪನಿಗಳು ಇನ್ನೊಂದು ಸೀಸೆ ಮಾರಲು ಹೂಡಿದ ಉಪಾಯ ಎಂದು ಭಾವಿಸಿದವರಿದ್ದಾರೆ. ಅದು ಹಾಗಲ್ಲ. ಅದರಲ್ಲಿ ಅಂಟಿನ ರಾಳದ ಪ್ರಮಾಣ ಹೆಚ್ಚು, ಬಣ್ಣದ ಪುಡಿ ಇಲ್ಲ. ಉಗುರಿಗೂ ಬಣ್ಣಕ್ಕೂ ನಡುವೆ ಎರಡು ಕಡೆಯೂ ಹಿಡಿದುಕೊಳ್ಳುವ ಪದರ ಅದು. ಕಡುಗೆಂಪು ಬಣ್ಣ ಉಗುರನ್ನು ಹಳದಿಯಾಗಿಸುವುದನ್ನೂ ತಡೆಯುತ್ತದೆ. ಎರಡರಲ್ಲಿ ಒಂದನ್ನೇ ಕೊಳ್ಳುವ ಸಾಮರ್ಥ್ಯವಿದ್ದರೆ ಟಾಪ್ ಕೋಟ್ ಬಿಟ್ಟು ಬೇಸ್ ಕೋಟನ್ನೇ ಕೊಳ್ಳಿ ಎಂಬುದು ನನ್ನ ಸಲಹೆ. ಅದರ ಮೇಲೆ ಬಣ್ಣದ ಎರಡು ತೆಳು ಲೇಪ ಸಾಕು. ಒಂದೇ ದಪ್ಪ ಲೇಪದಲ್ಲಿ ಮುಗಿಸುವ ಆತುರದಿಂದಲೇ ಕೆಲಸ ಕೆಡುವುದು: ಮೇಲೆ ಚರ್ಮದಂತೆ ಪೊರೆ ಕಟ್ಟಿದರೂ ಒಳಗಿನ ದ್ರಾವಕ ಹೊರಬರಲಾರದೆ ಬಣ್ಣ ಗಂಟೆಗಟ್ಟಲೆ ಹಸಿಯಾಗಿಯೇ ಇರುತ್ತದೆ, ಆಮೇಲೆ ಹಾಳೆಯಂತೆ ಕಿತ್ತು ಬರುತ್ತದೆ. ಪ್ರತಿ ಲೇಪದಲ್ಲಿಯೂ ಕುಂಚವನ್ನು ಉಗುರಿನ ತುದಿಯ ಅಂಚಿನ ಮೇಲೂ ಒಮ್ಮೆ ಎಳೆದರೆ ನೀರು ನುಗ್ಗುವ ಬಾಗಿಲು ಮುಚ್ಚಿದಂತಾಗುತ್ತದೆ. ವೃತ್ತಿಪರರು ತಪ್ಪದೆ ಮಾಡುವ, ಮನೆಯಲ್ಲಿ ನಾವು ಮರೆಯುವ ಸಣ್ಣ ಸಂಗತಿ ಇದು.

ಸೀಸೆಯನ್ನು ಜೋರಾಗಿ ಕುಲುಕುವ ಅಭ್ಯಾಸ ಹಲವರದು. ಗಾಳಿಗುಳ್ಳೆಗಳು ಸೇರಿ ಅವೇ ಉಗುರಿನ ಮೇಲೆ ಚುಕ್ಕೆಗಳಾಗುತ್ತವೆ. ಅಂಗೈಗಳ ನಡುವೆ ಕಡೆಗೋಲು ತಿರುಗಿಸಿದಂತೆ ಉರುಳಿಸಿದರೆ ಸಾಕು. ಗಟ್ಟಿಯಾದ ಬಣ್ಣಕ್ಕೆ ರಿಮೂವರ್ ಬೆರೆಸುವುದೂ ತಪ್ಪು, ಅದು ಪೊರೆಯ ಬಿಗಿಯನ್ನೇ ಕೆಡಿಸುತ್ತದೆ. ಬಣ್ಣ ಹಚ್ಚಿದ ಬೆರಳನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿದರೆ ಬೇಗ ಒಣಗುತ್ತದೆ ಎಂಬ ನಂಬಿಕೆಗೆ ಹೆಚ್ಚಿನ ಆಧಾರವಿಲ್ಲ. ತಣ್ಣನೆಯ ನೀರು ಮೇಲ್ಮೈಯನ್ನು ಸ್ವಲ್ಪ ಹೊತ್ತು ಬಿಗಿಗೊಳಿಸಬಹುದು, ಆದರೆ ದ್ರಾವಕ ಆವಿಯಾಗುವುದು ಚಳಿಯಲ್ಲಿ ನಿಧಾನವೇ ಹೊರತು ವೇಗವಲ್ಲ.

ಒಣಗುವ ಮಾತು ಬಂದಿದ್ದರಿಂದ ನಿಜವಾದ ತೊಡಕಿಗೆ ಬರೋಣ. ಮುಟ್ಟಿದರೆ ಅಂಟದ ಸ್ಥಿತಿ ಹತ್ತು ಹದಿನೈದು ನಿಮಿಷಕ್ಕೆ ಬಂದರೂ ಪೊರೆ ಒಳಗಿನಿಂದ ಗಟ್ಟಿಯಾಗಲು ಹಲವು ಗಂಟೆ ಬೇಕು. ಮೊದಲ ಎರಡು ಗಂಟೆಯಾದರೂ ಕೈಗೆ ಬಿಸಿನೀರು ಸೋಕಬಾರದು, ಗಟ್ಟಿ ಕೆಲಸ ತಗುಲಬಾರದು. ಹೇಳಲು ಇದೊಂದು ಸರಳ ಸೂಚನೆ. ಆದರೆ ಯಾವ ಗೃಹಿಣಿಗೆ ಯಾವ ಹೊತ್ತಿನಲ್ಲಿ ಎರಡು ಗಂಟೆ ಕೈ ಕಟ್ಟಿ ಕೂರುವ ಅವಕಾಶವಿದೆ? ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷವನ್ನು ಅದಕ್ಕೆ ವ್ಯಯಿಸುತ್ತಾರೆ. ಅದೇ ಕೆಲಸದಲ್ಲಿ ತೊಡಗುವ ಪುರುಷರು 88 ನಿಮಿಷ. ಆ 289 ನಿಮಿಷಗಳಲ್ಲಿ ಕೈ ಒದ್ದೆಯಾಗಿರುವ ನಿಮಿಷಗಳೆಷ್ಟು ಎಂದು ಸಮೀಕ್ಷೆ ಎಣಿಸಿಲ್ಲ. ಉಗುರು ಎಣಿಸುತ್ತದೆ. ಎಲ್ಲರ ಊಟವಾಗಿ, ಅಡುಗೆಮನೆ ಒರೆಸಿ, ಹಾಲಿಗೆ ಹೆಪ್ಪು ಹಾಕಿದ ಮೇಲೆ ರಾತ್ರಿ ಹನ್ನೊಂದಕ್ಕೆ ಬಣ್ಣ ಹಚ್ಚಿ ಹಾಗೆಯೇ ಮಲಗುವವರ ಉಗುರಿನ ಮೇಲೆ ಬೆಳಿಗ್ಗೆ ಹೊದಿಕೆಯ ನೇಯ್ಗೆಯ ಅಚ್ಚು ಮೂಡಿರುವುದು ಈ ಕಾರಣಕ್ಕೆ. ಬಣ್ಣ ಬಾಳಿಕೆ ಬರಬೇಕೆಂದರೆ ಹಚ್ಚಿದ ಸಂಜೆಯ ಪಾತ್ರೆಯನ್ನು ಮನೆಯ ಬೇರೆ ಯಾರಾದರೂ ತೊಳೆಯಬೇಕು. ಯಾವ ಸೌಂದರ್ಯ ಅಂಕಣವೂ ಈ ಸಲಹೆಯನ್ನು ಕೊಟ್ಟಿದ್ದನ್ನು ನಾನು ಕಂಡಿಲ್ಲ.

ಹಚ್ಚಿದ ನಂತರದ ಕಾಳಜಿಯೂ ನೀರಿನ ಸುತ್ತಲೇ ಸುತ್ತುತ್ತದೆ. ಪಾತ್ರೆ, ಬಟ್ಟೆಗೆ ಒಳಗೆ ಹತ್ತಿಬಟ್ಟೆಯ ಅಸ್ತರಿಯಿರುವ ರಬ್ಬರ್ ಕೈಗವಸು ಬಹಳ ಉಪಕಾರಿ. ನಮ್ಮಲ್ಲಿ ಅದನ್ನು ಧರಿಸಿದರೆ ಶೋಕಿ ಎಂದು ನಗುವವರಿದ್ದಾರೆ. ಬಣ್ಣಕ್ಕಿಂತ ಹೆಚ್ಚಾಗಿ ಬೆರಳಸಂದಿಯ ಚರ್ಮಕ್ಕೆ ಅದು ರಕ್ಷೆ. ಮಲಗುವ ಮುನ್ನ ಉಗುರಿನ ಬುಡಕ್ಕೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ಉಗುರು ಪೆಡಸಾಗುವುದು ಕಡಿಮೆಯಾಗುತ್ತದೆ. ಬಣ್ಣಕ್ಕೆ ಮೊದಲು ಶತ್ರುವಾದ ಎಣ್ಣೆ ಬಣ್ಣದ ನಂತರ ಮಿತ್ರ. ಸ್ಯಾನಿಟೈಸರಿನ ಮದ್ಯಸಾರ ಹೊಳಪನ್ನು ಮಂಕಾಗಿಸುತ್ತದೆ, ಅರಿಶಿನ ತಿಳಿಬಣ್ಣಗಳನ್ನು ಹಳದಿಯಾಗಿಸುತ್ತದೆ. ಎರಡು ಮೂರು ದಿನಕ್ಕೊಮ್ಮೆ ಟಾಪ್ ಕೋಟಿನ ಒಂದು ತೆಳು ಲೇಪ ಕೊಟ್ಟರೆ ಇವೆರಡಕ್ಕೂ ಪರಿಹಾರ. ಕೈಯಲ್ಲೇ ಉಣ್ಣುವ, ತುರಿಯುವ ಮಣೆಯ ಮುಂದೆ ಕೂರುವ ನಮಗೆ ಉಗುರು ಗಿಡ್ಡವಿರುವುದೇ ಕ್ಷೇಮ. ಉದ್ದ ಉಗುರಿನ ತುದಿ ಹೆಚ್ಚು ಬಾಗುತ್ತದೆ, ಬಣ್ಣ ಅಲ್ಲಿಯೇ ಬಿರಿಯುತ್ತದೆ. ಉಗುರಿನದೇ ಛಾಯೆಗೆ ಹತ್ತಿರವಾದ ಬಣ್ಣ ಆರಿಸಿಕೊಂಡರೆ ಚಕ್ಕೆ ಹೋದರೂ ಕಣ್ಣಿಗೆ ಬೀಳುವುದಿಲ್ಲ. ಇದನ್ನು ಮೋಸ ಎನ್ನುವುದಾದರೆ ಒಪ್ಪತಕ್ಕ ಮೋಸ.

ಉಗುರೇ ಪದರ ಪದರವಾಗಿ ಎದ್ದು ಬರುತ್ತಿದ್ದರೆ ಈ ಯಾವ ಉಪಾಯವೂ ನಡೆಯದು. ಮತ್ತೆ ಮತ್ತೆ ಒದ್ದೆಯಾಗಿ ಒಣಗುವುದು ಅದಕ್ಕೆ ಸಾಮಾನ್ಯ ಕಾರಣ. ಅಂಥವರಿಗೆ ಅಂಗಡಿಯವರು ತೋರಿಸುವುದು ಹಾರ್ಡನರ್ ಅಥವಾ ಬಯೋಟಿನ್ ಮಾತ್ರೆ. ಫಾರ್ಮಾಲ್ಡಿಹೈಡ್ ಇರುವ ಹಾರ್ಡನರ್ ಮೊದಮೊದಲು ಉಗುರನ್ನು ಗಟ್ಟಿಯಾಗಿಸಿದರೂ ತಿಂಗಳುಗಟ್ಟಲೆ ಬಳಸಿದರೆ ಪೆಡಸಾಗಿಸಿ ಮುರಿಯುತ್ತದೆ. ಬಯೋಟಿನ್ ಕೊರತೆ ಸಾಮಾನ್ಯ ಆಹಾರ ಉಣ್ಣುವವರಲ್ಲಿ ಅಪರೂಪ. ಮೇಲಾಗಿ ಅದರ ಹೆಚ್ಚಿನ ಪ್ರಮಾಣದ ಮಾತ್ರೆಗಳು ಥೈರಾಯ್ಡ್ ಮತ್ತು ಹೃದಯಾಘಾತ ಪತ್ತೆಯ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಿರುಚಬಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿ ಎಚ್ಚರಿಸಿತ್ತು. ಉಗುರಿಗೆಂದು ನುಂಗಿದ ಮಾತ್ರೆಯ ಬಗ್ಗೆ ವೈದ್ಯರಿಗೆ ಹೇಳಬೇಕೆಂದು ಎಷ್ಟು ಮಂದಿಗೆ ತೋಚೀತು? ಉಗುರು ಚಮಚದಂತೆ ಕುಳಿ ಬಿದ್ದಿದ್ದರೆ ರಕ್ತದಲ್ಲಿ ಕಬ್ಬಿಣದ ಅಂಶ ನೋಡಿಸಿಕೊಳ್ಳುವುದು ಅದಕ್ಕಿಂತ ಉಪಯುಕ್ತ.

ಈ ಎಲ್ಲ ತಾಪತ್ರಯಗಳಿಗೂ ಒಂದೇ ಉತ್ತರವೆಂಬಂತೆ ಬಂದದ್ದು ಜೆಲ್ ಪಾಲಿಶ್. 2010ರ ಆಸುಪಾಸಿನಲ್ಲಿ ಅಮೆರಿಕದ ಸಲೂನುಗಳಲ್ಲಿ ಜನಪ್ರಿಯವಾಗಿ ಬಳಿಕ ನಮ್ಮ ನಗರಗಳಿಗೂ ಹಬ್ಬಿತು. ಇದು ಒಣಗುವ ಬಣ್ಣವಲ್ಲ, ದೀಪದ ನೇರಳಾತೀತ ಕಿರಣ ಬಿದ್ದಾಗ ಅಣುಗಳು ಕೊಂಡಿ ಹಾಕಿಕೊಂಡು ಗಟ್ಟಿಯಾಗುವ ಪ್ಲಾಸ್ಟಿಕ್. ಎರಡು ವಾರ ಅಲುಗುವುದಿಲ್ಲ ಎಂಬ ಮಾತು ಸುಳ್ಳಲ್ಲ. ಆದರೆ ಬಾಳಿಕೆಯ ಬೆಲೆಯನ್ನು ಉಗುರು ತೆರುತ್ತದೆ. ತೆಗೆಯಲು ಅಸಿಟೋನಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಬೇಕು. ಆತುರದಲ್ಲಿ ಕೆರೆದರೆ ಜೆಲ್ಲಿನೊಂದಿಗೆ ಉಗುರಿನ ಮೇಲ್ಪದರವೂ ಹೋಗುತ್ತದೆ. ಹಾಗೆ ತೆಳುವಾದ ಉಗುರಿನ ಮೇಲೆ ಮಾಮೂಲಿ ಬಣ್ಣ ನಿಲ್ಲುವುದಿಲ್ಲ, ಆದ್ದರಿಂದ ಮತ್ತೆ ಜೆಲ್. ಇದು ಒಮ್ಮೆ ಹೊಕ್ಕರೆ ಹೊರಬರಲು ನಾಲ್ಕೈದು ತಿಂಗಳ ತಾಳ್ಮೆ ಬೇಡುವ ಚಕ್ರ.

ಇದಕ್ಕಿಂತ ಗಂಭೀರವಾದದ್ದು ಅಲರ್ಜಿ. ಜೆಲ್ಲಿನಲ್ಲಿರುವ ಮೆಥಾಕ್ರಿಲೇಟ್ ವಸ್ತುಗಳು ಪೂರ್ತಿ ಗಟ್ಟಿಯಾಗದೆ ಚರ್ಮಕ್ಕೆ ತಗುಲಿದರೆ ಕೆಲವರ ದೇಹ ಅವುಗಳ ವಿರುದ್ಧ ತಿರುಗಿಬೀಳುತ್ತದೆ. ಬೆರಳ ತುದಿ ತುರಿಸಿ ಬಿರಿಯುತ್ತದೆ, ಉಗುರು ಬುಡದಿಂದ ಬಿಟ್ಟುಕೊಳ್ಳುತ್ತದೆ. ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಹಲ್ಲಿಗೆ ತುಂಬುವ ಸಿಮೆಂಟ್, ಮಂಡಿಚಿಪ್ಪು ಬದಲಿಸುವಾಗ ಬಳಸುವ ಅಂಟು ಇವುಗಳಲ್ಲಿಯೂ ಇದೇ ಕುಟುಂಬದ ರಾಸಾಯನಿಕಗಳಿವೆ ಎಂಬುದನ್ನು ನೆನೆದರೆ ಇದರ ಗಾಂಭೀರ್ಯ ಅರಿವಾದೀತು. ಬ್ರಿಟನ್ನಿನ ಚರ್ಮರೋಗ ತಜ್ಞರ ಸಂಘ 2018ರಲ್ಲಿಯೇ ಈ ಬಗ್ಗೆ ಎಚ್ಚರಿಕೆ ನೀಡಿತ್ತು, ವಿಶೇಷವಾಗಿ ಮನೆಯಲ್ಲಿ ತಾವೇ ಹಚ್ಚಿಕೊಳ್ಳುವ ಕಿಟ್‌ಗಳ ಕುರಿತು. ಹೆಮಾ ಎಂಬ ಮೆಥಾಕ್ರಿಲೇಟ್ ಇರುವ ಉಗುರಿನ ಉತ್ಪನ್ನಗಳನ್ನು ಐರೋಪ್ಯ ಒಕ್ಕೂಟ 2020ರ ನಿಯಮದಲ್ಲಿ ವೃತ್ತಿನಿರತರ ಬಳಕೆಗೆ ಸೀಮಿತಗೊಳಿಸಿತು. ಜೆಲ್ ಬೇಗ ಗಟ್ಟಿಯಾಗಲು ಬಳಸುತ್ತಿದ್ದ ಟಿಪಿಒ ಎಂಬ ವಸ್ತುವನ್ನು, ಅದು ಪ್ರಜನನ ಸಾಮರ್ಥ್ಯಕ್ಕೆ ಹಾನಿಕರ ವಸ್ತುಗಳ ವರ್ಗಕ್ಕೆ ಸೇರಿದ್ದರಿಂದ, 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿತು. ನೂರಾರು ರೂಪಾಯಿಗೆ ಆನ್‌ಲೈನಿನಲ್ಲಿ ದೀಪಸಮೇತ ತರಿಸಿಕೊಳ್ಳುವ ಹೆಸರಿಲ್ಲದ ಕಿಟ್‌ನಲ್ಲಿ ಏನಿದೆ ಎಂದು ಸೀಸೆಯ ಮೇಲಿನ ಚೀಟಿ ಓದದೆ ತಿಳಿಯುವುದಿಲ್ಲ. ಚೀಟಿಯೇ ಇಲ್ಲದಿದ್ದರೆ ಅದನ್ನು ವಾಪಸು ಕಳಿಸುವುದೇ ಸರಿ.

ದೀಪದ ಕಿರಣಗಳ ಬಗ್ಗೆಯೂ ಒಂದು ಮಾತು. 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕೇಂದ್ರದ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ದೀಪದ ಕೆಳಗೆ 20 ನಿಮಿಷ ಇಟ್ಟ ಜೀವಕೋಶಗಳಲ್ಲಿ ಶೇ 20ರಿಂದ 30ರಷ್ಟು ಸತ್ತಿದ್ದವು. ಇದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲಿನ ಪ್ರಯೋಗ. ಬದುಕಿರುವ ಕೈಗೂ ಅದಕ್ಕೂ ಅಂತರವಿದೆ, ಗಾಬರಿ ಬೀಳುವ ಅಗತ್ಯವಿಲ್ಲ. ವರ್ಷಕ್ಕೊಮ್ಮೆ ಮದುವೆಗೆಂದು ಮಾಡಿಸಿಕೊಳ್ಳುವವರು ಕೈಗೆ ಸನ್‌ಸ್ಕ್ರೀನ್ ಹಚ್ಚಿಕೊಂಡರೆ ಅಥವಾ ತುದಿ ಕತ್ತರಿಸಿದ ಕೈಗವಸು ಹಾಕಿಕೊಂಡರೆ ಸಾಕು. ಹದಿನೈದು ದಿನಕ್ಕೊಮ್ಮೆ ಹೋಗುವವರು ಮಾತ್ರ ಕುಳಿತು ಲೆಕ್ಕ ಹಾಕಬೇಕು.

ಗ್ರಾಹಕಿ ಹದಿನೈದು ದಿನಕ್ಕೊಮ್ಮೆ ಉಸಿರಾಡುವ ಆ ಆವಿಯನ್ನು ದಿನಕ್ಕೆ ಹತ್ತು ಗಂಟೆ ಉಸಿರಾಡುವ ಇನ್ನೊಬ್ಬಳು ಮೇಜಿನ ಆಚೆ ಬದಿಯಲ್ಲಿ ಕುಳಿತಿರುತ್ತಾಳೆ. 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ನಗರದ ಉಗುರು ಸಲೂನುಗಳ ಕೆಲಸಗಾರ್ತಿಯರ ಕೂಲಿ ಮತ್ತು ಆರೋಗ್ಯದ ಕುರಿತು ಸುದೀರ್ಘ ವರದಿಗಳನ್ನು ಪ್ರಕಟಿಸಿದಾಗ ಅಲ್ಲಿನ ರಾಜ್ಯ ಸರ್ಕಾರ ತುರ್ತು ಕ್ರಮಗಳನ್ನು ಪ್ರಕಟಿಸಬೇಕಾಯಿತು. ನಮ್ಮ ಮಾಲ್‌ಗಳ ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ಎಸಿ ಕೋಣೆಗಳಲ್ಲಿ ನಡೆಯುವ ಪಾರ್ಲರುಗಳನ್ನು ಹೊಕ್ಕಾಗ ಮೂಗಿಗೆ ಬಡಿಯುವ ವಾಸನೆಯೇ ಒಂದು ಸೂಚನೆ. ಗಾಳಿ ಹೊರಹೋಗುವ ಫ್ಯಾನ್ ಎಲ್ಲಿದೆ ಎಂದು ಗ್ರಾಹಕರು ಕೇಳತೊಡಗಿದರೆ ಮಾಲೀಕರು ಹಾಕಿಸುತ್ತಾರೆ. ಆ ಹುಡುಗಿ ತಾನಾಗಿ ಕೇಳಲಾರಳು.

ಕಡೆಗೆ ಬಣ್ಣ ತೆಗೆಯುವ ವಿಚಾರ. ಉಗುರಿಗೆ ಉಸಿರಾಡಲು ಬಿಡುವು ಬೇಕು ಎನ್ನುತ್ತಾರೆ. ಉಗುರು ಉಸಿರಾಡುವುದಿಲ್ಲ, ಅದರ ಬುಡಕ್ಕೆ ಬೇಕಾದದ್ದೆಲ್ಲ ರಕ್ತದಿಂದ ಬರುತ್ತದೆ. ಆದರೂ ವಾರ ಹತ್ತು ದಿನಕ್ಕೆ ಬಣ್ಣ ತೆಗೆಯಬೇಕೆಂಬ ಮಾತು ಬೇರೆ ಕಾರಣಕ್ಕೆ ಸರಿ. ವಾರಗಟ್ಟಲೆ ಹಾಗೆಯೇ ಬಿಟ್ಟರೆ ಉಗುರಿನ ಮೇಲೆ ಸುಣ್ಣ ಬಳಿದಂಥ ಬಿಳಿ ಒರಟು ಕಲೆಗಳೇಳುತ್ತವೆ. ಎದ್ದ ಚಕ್ಕೆಯನ್ನು ಇನ್ನೊಂದು ಉಗುರಿನಿಂದ ಕಿತ್ತು ತೆಗೆಯುವುದು ಬೇಸರದ ಮಧ್ಯಾಹ್ನಗಳ ಹವ್ಯಾಸ. ಪ್ರತಿ ಚಕ್ಕೆಯೊಂದಿಗೆ ಉಗುರಿನ ಪದರವೂ ಬರುತ್ತದೆ. ರಿಮೂವರಿನಲ್ಲಿ ಅದ್ದಿದ ಹತ್ತಿಯನ್ನು ಉಗುರಿನ ಮೇಲೆ ಹತ್ತು ಸೆಕೆಂಡು ಒತ್ತಿ ಹಿಡಿದು, ಬುಡದಿಂದ ತುದಿಗೆ ಒಮ್ಮೆ ಎಳೆದರೆ ಉಜ್ಜುವ ಕೆಲಸವೇ ಇಲ್ಲ. ಆಮೇಲೆ ಕೈ ತೊಳೆದು ಎಣ್ಣೆ ಹಚ್ಚಿ, ಎರಡು ದಿನ ಹಾಗೆಯೇ ಬಿಡುವುದು.

ಆ ಎರಡು ದಿನ ಉಗುರನ್ನು ನೋಡಿಕೊಳ್ಳಲು ಸಿಗುವ ಅವಕಾಶವೂ ಹೌದು. ಶಸ್ತ್ರಚಿಕಿತ್ಸೆಗೆ ಮುನ್ನ ಆಸ್ಪತ್ರೆಯವರು ಬಣ್ಣ ಅಳಿಸಿಕೊಂಡು ಬನ್ನಿ ಎನ್ನುವುದು ಶಿಸ್ತಿಗಾಗಿ ಅಲ್ಲ. ರಕ್ತದಲ್ಲಿ ಆಮ್ಲಜನಕ ಕುಸಿದರೆ ಉಗುರಿನಡಿಯ ಚರ್ಮ ನೀಲಿಗಟ್ಟುತ್ತದೆ, ಮೇಲೆ ಬಣ್ಣವಿದ್ದರೆ ಅದು ಕಾಣುವುದಿಲ್ಲ. 2020–21ರ ಕೋವಿಡ್ ದಿನಗಳಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರ್ ಕೂಡ ಉಗುರಿನ ಮೂಲಕ ಬೆಳಕು ಹಾಯಿಸಿ ಅಳೆಯುವ ಸಾಧನ. ಕಪ್ಪು, ಕಡುನೀಲಿ ಬಣ್ಣಗಳು ಅದರ ಲೆಕ್ಕವನ್ನು ಏರುಪೇರು ಮಾಡಬಲ್ಲವು. ಮನೆಯಲ್ಲಿ ಉಸಿರಾಟದ ತೊಂದರೆಯವರಿದ್ದರೆ ಅವರ ಒಂದು ಬೆರಳನ್ನಾದರೂ ಬಣ್ಣವಿಲ್ಲದೆ ಬಿಡುವುದು ಜಾಣತನ. ಇನ್ನು ಉಗುರಿನ ಉದ್ದಕ್ಕೂ ಮೂಡುವ ಕಂದು ಅಥವಾ ಕಪ್ಪು ಗೆರೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಅದು ಹಲವು ಬಾರಿ ನಿರುಪದ್ರವಿ. ಆದರೆ ಒಂದೇ ಬೆರಳಿನಲ್ಲಿ ಹೊಸದಾಗಿ ಕಾಣಿಸಿಕೊಂಡು ಅಗಲವಾಗುತ್ತಿರುವ, ಬುಡದ ಚರ್ಮಕ್ಕೂ ಹರಡುತ್ತಿರುವ ಗೆರೆ ಚರ್ಮದ ಕ್ಯಾನ್ಸರಿನ ಗುರುತಾಗಿರಬಹುದು. ಗಾಯಕ ಬಾಬ್ ಮಾರ್ಲೆ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಆರಂಭವಾದ ಇಂಥ ಕ್ಯಾನ್ಸರಿನಿಂದ, 1981ರಲ್ಲಿ, 36ನೆಯ ವಯಸ್ಸಿಗೆ. ಒಂದು ಬಣ್ಣ ತೆಗೆದ ಗಳಿಗೆಯಲ್ಲಿಯೇ ಮುಂದಿನದನ್ನು ಹಚ್ಚುವವರ ಕಣ್ಣಿಗೆ ಅಂಥ ಗೆರೆ ತಿಂಗಳುಗಟ್ಟಲೆ ಬೀಳುವುದೇ ಇಲ್ಲ. ಬಣ್ಣ ತೆಗೆದ ದಿನ ಹತ್ತೂ ಕೈಬೆರಳುಗಳನ್ನು, ಮರೆಯದೆ ಕಾಲಿನ ಬೆರಳುಗಳನ್ನೂ, ಕಿಟಕಿಯ ಬೆಳಕಿನಲ್ಲಿ ಒಮ್ಮೆ ನೋಡಿಕೊಂಡು, ಅನುಮಾನವಿದ್ದರೆ ಚರ್ಮರೋಗ ತಜ್ಞರ ಬಳಿಗೆ ಬಣ್ಣ ಹಚ್ಚದೆಯೇ ಹೋಗಬೇಕು.